ಎಂಜಿನ್ ಹಿಂದಿದ್ದರೆ ರೈಲು ಹಳಿ ತಪ್ಪುತ್ತದೆಯೇ?

ಪ್ರಶ್ನೆ: ಎಂಜಿನ್ ಕೊನೆಯಲ್ಲಿದ್ದು ಇಡೀ ರೈಲನ್ನು ತಳ್ಳಿಕೊಂಡು ಹೋಗುವುದನ್ನು ವಿಡಿಯೊದಲ್ಲಿ ನೋಡಿದೆ. ಸರಪಳಿಯನ್ನು ಎಳೆದರೆ ನೇರವಾಗಿ ಬರುತ್ತದೆ, ತಳ್ಳಿದರೆ ಮುದುಡಿಕೊಳ್ಳುತ್ತದೆ. ಬೋಗಿಗಳೂ ಹಾಗೆಯೇ ಪಕ್ಕಕ್ಕೆ ಸರಿದುಬಿಡುವುದಿಲ್ಲವೇ?

ಉತ್ತರ: ಆ ಅಪಾಯ ಇದೆ. ಆದರೆ ಅದು ಹೆಚ್ಚಾಗಿರುವುದು ವೇಗವಾಗಿ ಓಡುವಾಗಲ್ಲ, ಹೊರಡುವಾಗ. 3,000 ಕಿಲೊವಾಟ್‌ನ ಎಂಜಿನ್ ಹೊರಡುವಾಗ ಸುಮಾರು 30 ಟನ್ ಬಲ ಹಾಕಬಲ್ಲದು. ಗಂಟೆಗೆ 100 ಕಿ.ಮೀ. ವೇಗ ಬಂದ ಮೇಲೆ ಅದರಿಂದ ಸಿಗುವುದು ಹೆಚ್ಚೆಂದರೆ 11 ಟನ್. ಅದೂ ಒಂದೊಂದು ಬೋಗಿಗೂ ಪಾಲಾಗುತ್ತ, ಎಲ್ಲಕ್ಕಿಂತ ಮುಂದಿರುವ ಬೋಗಿ ತಲುಪುವಷ್ಟರಲ್ಲಿ ತೀರ ಸ್ವಲ್ಪ ಉಳಿದಿರುತ್ತದೆ. ಒತ್ತಡ ಅತಿ ಹೆಚ್ಚು ಬೀಳುವುದು ಎಂಜಿನ್ನಿಗೆ ತಾಗಿಕೊಂಡ ಬೋಗಿಯ ಮೇಲೆ. ಅಲ್ಲಿ ಖಾಲಿ ವ್ಯಾಗನ್ ಇದ್ದು, ಹಳಿ ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗಿದರೆ, ಬಫರ್‌ಗಳು (ವಾಹನಗಳ ತುದಿಯಲ್ಲಿ ಒಂದಕ್ಕೊಂದು ಒತ್ತಿಕೊಳ್ಳುವ ಸ್ಪ್ರಿಂಗ್ ತಟ್ಟೆಗಳು) ಓರೆಯಾಗಿ ಒತ್ತುತ್ತವೆ. ಆಗ ಹಗುರವಾದ ವ್ಯಾಗನ್ನಿನ ಚಕ್ರದ ಅಂಚು ಹಳಿಯ ಮೇಲೇರಬಹುದು. ಯಾರ್ಡ್‌ಗಳಲ್ಲಿ ನಿಧಾನವಾಗಿ ತಳ್ಳುವಾಗ ಹಳಿ ತಪ್ಪುವ ಒಂದು ಬಗೆ ಇದು.

ಪ್ರಯಾಣಿಕರ ರೈಲಿನಲ್ಲಿ ಹೆಚ್ಚು ಯೋಚಿಸಬೇಕಾದದ್ದು ಮುಂದಿನ ಬೋಗಿಯ ತೂಕವನ್ನು. ಎಂಜಿನ್ ನೂರು ಟನ್ ಆಸುಪಾಸು ಇರುತ್ತದೆ; ಎಂಜಿನ್ ಹಿಂದಿದ್ದಾಗ ಮುಂದಿರುವ, ಚಾಲಕನ ಕ್ಯಾಬಿನ್ ಇರುವ ಬೋಗಿ ಅದರ ಅರ್ಧವೂ ಇರುವುದಿಲ್ಲ, ಹಾಗಾಗಿ ಸುಲಭವಾಗಿ ಮೇಲೇಳುತ್ತದೆ. 1984ರ ಜುಲೈ 30ರಂದು ಸ್ಕಾಟ್ಲೆಂಡಿನ ಪೋಲ್ಮಾಂಟ್ ಬಳಿ ಇಂಥ ರೈಲೊಂದು ಹಳಿಗೆ ಬಂದ ಹಸುವಿಗೆ ಬಡಿಯಿತು. ಹಸುವಿನ ದೇಹ ಚಕ್ರದಡಿ ಸಿಕ್ಕಿ ಮುಂದಿನ ಬೋಗಿ ಹಳಿಯಿಂದ ಮೇಲೆದ್ದಿತು. 13 ಜನ ಸತ್ತರು. ಆ ಬಳಿಕ ಅಲ್ಲಿ ಇಂಥ ಬೋಗಿಗಳ ಮೂತಿಯ ಕೆಳಗೆ, ಅಡ್ಡ ಬಂದದ್ದನ್ನು ಪಕ್ಕಕ್ಕೆ ತಳ್ಳುವ ಗಟ್ಟಿ ಉಕ್ಕಿನ ತಡೆ ಕೂರಿಸಿದರು. ಹಳಿಯ ಪಕ್ಕದ ಬೇಲಿ ಗಟ್ಟಿಯಾಗಿರುವುದೂ ಅಷ್ಟೇ ಮುಖ್ಯ.

ಪ್ರಶ್ನೆ: ಚಾಲಕ ಮುಂದಿದ್ದಾನೆ, ಎಂಜಿನ್ ಹಿಂದಿದೆ. ಬ್ರೇಕ್ ಹಾಕಿದ ಮೇಲೂ ಎಂಜಿನ್ ತಳ್ಳುತ್ತಲೇ ಇದ್ದರೆ?

ಉತ್ತರ: ಹಾಗಾಗದಂತೆ ಎರಡನ್ನೂ ಜೋಡಿಸಿರುತ್ತಾರೆ. ಮುಂದಿನ ಕ್ಯಾಬಿನ್ನಿನ ಆಜ್ಞೆ ತಂತಿಯ ಮೂಲಕ ಎಂಜಿನ್ನಿಗೆ ಹೋಗುತ್ತದೆ. ಗಾಳಿ ತುಂಬಿದ ಬ್ರೇಕ್ ಪೈಪು ರೈಲಿನ ಉದ್ದಕ್ಕೂ ಇರುತ್ತದೆ; ಅದರ ಒತ್ತಡ ಇಳಿದರೆ ಬ್ರೇಕ್ ಬೀಳುತ್ತದೆ. ಪೈಪಿನಲ್ಲಿ ಗಾಳಿಯ ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ ಎಂಜಿನ್ನಿನ ಶಕ್ತಿ ತಾನಾಗಿ ಕಡಿತವಾಗುತ್ತದೆ. ನಡುವೆ ಕೊಂಡಿ ಕಳಚಿದರೂ ಪೈಪು ಹರಿದು ಎರಡೂ ಭಾಗಗಳಿಗೆ ಬ್ರೇಕ್ ಬೀಳುತ್ತದೆ.

ಇದು ಕೈಕೊಡುವುದು ಬೋಗಿಗಳ ನಡುವಿನ ಪೈಪಿನ ಕವಾಟವನ್ನು ಯಾರೋ ಮುಚ್ಚಿ ಮರೆತಾಗ: ಮುಂದೆ ಬ್ರೇಕ್ ಬೀಳುತ್ತದೆ, ಹಿಂದಿನವಕ್ಕೆ ಸುದ್ದಿಯೇ ತಲುಪುವುದಿಲ್ಲ. ಅದಕ್ಕೇ ಹೊರಡುವ ಮುನ್ನ ಮುಂದಿನ ಕ್ಯಾಬಿನ್ನಿನಿಂದ ಬ್ರೇಕ್ ಹಾಕಿ, ಕೊನೆಯ ವಾಹನದ ಬ್ರೇಕ್ ಹಿಡಿದಿದೆಯೇ, ಬಿಟ್ಟಾಗ ಬಿಡುತ್ತದೆಯೇ ಎಂದು ಒಬ್ಬರು ಅಲ್ಲೇ ನಿಂತು ನೋಡಬೇಕು.