ಮಗಳನ್ನು ನದಿ ದಂಡೆಗೆ ಕಳಿಸಿ

ನೋಡಿ ತಂಗಿ, ನೀವು ಕೇಳಿದ್ದು ಇದು ಅಲ್ವಾ: ಸಿಯಾಟಲ್‌ಗೆ ಬಂದು ಮೂರು ತಿಂಗಳಾಯ್ತು, ಹದಿನೈದು ವರ್ಷದ ಮಗಳು ಡುವಾಮಿಶ್ ನದಿ ಹತ್ತಿರದ ಯೂತ್ ಪ್ರೋಗ್ರಾಂಗೆ ಸೇರುತ್ತೇನೆ ಅನ್ನುತ್ತಾಳೆ, ಅಲ್ಲಿ ಗಿಡ ನೆಡುವುದರ ಜೊತೆ ಮೂಲನಿವಾಸಿಗಳ ವಿಷಯ, ಬಿಳಿಯರು ಕರಿಯರು ಅಂತ ನ್ಯಾಯದ ಮಾತೂ ಇದೆ, ನಮಗ್ಯಾಕೆ ಅದೆಲ್ಲ, ಕಾಲೇಜು ಪ್ರವೇಶ ಪರೀಕ್ಷೆಯ ಎಸ್‌ಎಟಿ ಕ್ಲಾಸ್‌ಗೆ ಹಾಕಿದರೆ ವಾಸಿಯಾ ಅಂತ.

ಕಳಿಸಿ.

ನಾವು ಮೊದಲು ಇದ್ದದ್ದು ಆ ನದಿ ದಂಡೆಯ ಸೌತ್ ಪಾರ್ಕ್‌ನಲ್ಲಿ, ಬಾಡಿಗೆ ಕಡಿಮೆ ಅಂತ. ಯಾಕೆ ಕಡಿಮೆ ಅಂತ ತಿಳಿಸಿದ್ದು ಇಂಥದ್ದೇ ಪ್ರೋಗ್ರಾಂಗೆ ಹೋದ ಮಗ. ನದಿಯ ಕೊನೆಯ ಐದು ಮೈಲಿಯಲ್ಲಿ ಕಾರ್ಖಾನೆಗಳ ವಿಷ ಎಷ್ಟು ತುಂಬಿತ್ತೆಂದರೆ 2001ರಲ್ಲಿ ಸೂಪರ್‌ಫಂಡ್ ಅನ್ನುವ, ತೀರಾ ಕಲುಷಿತ ಜಾಗಗಳ ಸರ್ಕಾರಿ ಪಟ್ಟಿಗೆ ಹಾಕಿದರು. ಏಡಿ ತಿನ್ನಬೇಡಿ ಅಂತ ದಂಡೆಯಲ್ಲಿ ಬೋರ್ಡ್ ಇದೆ, ಸ್ಪ್ಯಾನಿಷ್, ವಿಯೆಟ್ನಾಮಿ ಎಲ್ಲ ಸೇರಿಸಿ. ಆ ಭಾಷೆಗಳನ್ನು ನೋಡಿದರೆ ಸಾಕು, ಹೊಗೆ ಯಾರ ಮನೆ ಪಕ್ಕ ಬಿತ್ತು ಅಂತ ಗೊತ್ತಾಗುತ್ತದೆ. 2019ರಲ್ಲಿ ಅಲ್ಲಿನ ಹುಡುಗ ಹುಡುಗಿಯರೇ ಬೀದಿ ಮರಗಳ ಪಾಚಿ ಕಿತ್ತು ಕೊಟ್ಟರು, ಗಾಳಿಯಲ್ಲಿ ಯಾವ ಲೋಹ ಎಲ್ಲಿ ಜಾಸ್ತಿ ಅಂತ ಅರಣ್ಯ ಇಲಾಖೆಯ ವಿಜ್ಞಾನಿಗಳು ಅದರಿಂದಲೇ ಲೆಕ್ಕ ಹಾಕಿದರು.

ಊರಿಗೆ ಸಿಯಾಟಲ್ ಅನ್ನುವ ಹೆಸರೇ ಇಲ್ಲಿನ ಡುವಾಮಿಶ್ ಮೂಲನಿವಾಸಿಗಳ ನಾಯಕನದು. 1855ರಲ್ಲಿ ಆತ ಅಮೆರಿಕ ಸರ್ಕಾರದ ಜೊತೆಗಿನ ಒಪ್ಪಂದಕ್ಕೆ ಗುರುತು ಹಾಕಿದ, ಡುವಾಮಿಶ್ ಜನಕ್ಕೆ ಮಾತ್ರ ತಮ್ಮದು ಅನ್ನುವ ರಿಸರ್ವೇಶನ್, ಅಂದರೆ ಮೂಲನಿವಾಸಿಗಳಿಗೆ ಮೀಸಲಿಟ್ಟ ನೆಲ, ಸಿಗಲಿಲ್ಲ. ಅವರೇ ದುಡ್ಡು ಕೂಡಿಸಿ 2009ರಲ್ಲಿ ನದಿ ಪಕ್ಕ ತಮ್ಮ ಸಂಪ್ರದಾಯದ ಉದ್ದನೆಯ ಮರದ ಮನೆ, ಲಾಂಗ್‌ಹೌಸ್ ಕಟ್ಟಿದ್ದಾರೆ. ಒಂದು ದಿನ ಮೂವರೂ ಹೋಗಿ ಬನ್ನಿ, ಮರದ ಕಂಬ ಮುಟ್ಟಿ ನೋಡಿ.

ಕೆಲಸ ಸುಲಭ ಅಲ್ಲ. ಹಿಮಾಲಯನ್ ಬ್ಲ್ಯಾಕ್‌ಬೆರಿ ಅಂತ ಮುಳ್ಳುಬಳ್ಳಿ, ಹೊರಗಿನಿಂದ ಬಂದದ್ದು, ದಂಡೆಯನ್ನೆಲ್ಲ ನುಂಗಿದೆ. ಬೇರಿನ ಗಡ್ಡೆ ಸಮೇತ ಅಗೆಯದಿದ್ದರೆ ಮತ್ತೆ ಚಿಗುರುತ್ತದೆ. ಮೊದಲ ಶನಿವಾರ ಮಗ ಮೊಣಕೈವರೆಗೂ ಗೀರು ಮಾಡಿಕೊಂಡು ಬಂದ. ನನಗೆ ನಮ್ಮ ಚಾಮರಾಜನಗರದ ಲಂಟಾನ ನೆನಪಾಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ಹೇಳುತ್ತಾರಲ್ಲ, ತರಗು ಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆ ಲಂಟಾನ ಕಾಡು ತಿಂದಿತು ಅಂತ. ಅದನ್ನು ಹೇಳಿದಾಗ ಮಗ ಊಟ ಬಿಟ್ಟು ಕೇಳಿದ, ಮುಂದಿನ ವಾರ ಅಲ್ಲಿ ಎಲ್ಲರಿಗೂ ಹೇಳಿ ಬಂದ. ಅಲ್ಲಿಯವರೆಗೂ ನನ್ನ ಊರಿನ ಬಗ್ಗೆ ಅವನು ಒಂದು ಪ್ರಶ್ನೆ ಕೇಳಿದವನಲ್ಲ.

ಎಸ್‌ಎಟಿಗೆ ವಾರದಲ್ಲಿ ಬೇರೆ ದಿನ ಇದೆ. ಕೆಲವು ಕಡೆ ಮಕ್ಕಳಿಗೆ ಸ್ಟೈಪೆಂಡ್ ಕೊಡುತ್ತಾರೆ, ಕೇಳಿ ನೋಡಿ. ಒಳ್ಳೆ ರೇನ್‌ಕೋಟ್ ಕೊಡಿಸಿ, ಛತ್ರಿ ಅಲ್ಲಿ ಸುಮ್ನೆ. ಮಗನ ಹಳೆಯ ಗಮ್ ಬೂಟ್ ನಮ್ಮ ಗ್ಯಾರೇಜಿನಲ್ಲೇ ಇದೆ, ಸೈಜ್ ಆದರೆ ಬಂದು ತೆಗೆದುಕೊಂಡು ಹೋಗಿ.