ಮಂಡಿ ಸವೆದಿದೆ ಅಂದಮೇಲೆ ವ್ಯಾಯಾಮ ಮಾಡಬಹುದಾ?

ನಿಮ್ಮ ಅಮ್ಮನಿಗೆ 58 ವರ್ಷ, ಎಕ್ಸ್‌ರೇಯಲ್ಲಿ ಮಂಡಿ ಸವೆತ ಕಂಡಿದೆ, ನಡೆದರೆ ಇನ್ನೂ ಸವೆಯುತ್ತದೆ ಅಂತ ಹೆದರಿ ಕೂತೇ ಇರುತ್ತಾರೆ, ಇದು ಸರೀನಾ ಅಂತ ಕೇಳಿದ್ದೀರಿ. ಸರಿಯಲ್ಲ. ನಾನೂ ಹೀಗೇ ಮಾಡಿ ಒಂದು ವರ್ಷ ಕಳೆದುಕೊಂಡೆ.

ನನಗೀಗ 61. ಮೆಟ್ಟಿಲು ಇಳಿಯುವಾಗ ಮಂಡಿ ಚುಳುಕ್ ಅನ್ನುತ್ತಿತ್ತು ಅಂತ ಮೆಟ್ಟಿಲು ಬಿಟ್ಟೆ, ಆಮೇಲೆ ವಾಕಿಂಗ್ ಬಿಟ್ಟೆ, ನೆಲದ ಮೇಲೆ ಕೂರುವುದೂ ಬಿಟ್ಟೆ, ಕೊನೆಗೆ ಸೋಫಾದಿಂದ ಏಳಲೂ ಕೈ ಊರಬೇಕಾಯಿತು. ಫಿಜಿಯೋಥೆರಪಿಸ್ಟ್ ಮೊದಲು ಒತ್ತಿ ನೋಡಿದ್ದೇ ತೊಡೆಯನ್ನು. ಅಲ್ಲಿನ ಸ್ನಾಯು ಸೊರಗಿತ್ತು. ಅದು ಸೊರಗಿದರೆ ಮಂಡಿಗೆ ಆಸರೆ ಎಲ್ಲಿದೆ ಹೇಳಿ? ಇನ್ನೊಂದು ವಿಷಯ, ಕೀಲಿನೊಳಗೆ ಮೂಳೆ ತುದಿಗಳ ಮೇಲಿರುವ ನುಣುಪಾದ ಪದರಕ್ಕೆ, ಅಂದರೆ ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಕಾಲಿನ ಮೇಲೆ ಭಾರ ಬಿದ್ದು ಬಿಟ್ಟು ಆದಾಗ ಅದು ಸ್ಪಂಜಿನ ಹಾಗೆ ಕೀಲಿನ ನೀರನ್ನು ಹೀರಿಕೊಳ್ಳುತ್ತದೆ, ಅದೇ ಅದರ ಊಟ.

ನಾನು ಶುರು ಮಾಡಿದ್ದು ಮೂರೇ ವ್ಯಾಯಾಮದಿಂದ. ಕಾಲು ಚಾಚಿ ಕೂತು, ಸುತ್ತಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು ಒತ್ತಿ 5 ಎಣಿಸುವುದು. ಮಲಗಿ ಒಂದು ಕಾಲು ಮಡಚಿ ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತುವುದು. ಮೂರನೆಯದು ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನವಾಗಿ ಕೂರುವುದು, ನನಗೆ ಜಾಸ್ತಿ ಉಪಯೋಗ ಆಗಿದ್ದು ಇದೇ. ಮೊದಮೊದಲು ಆಗುತ್ತಿರಲಿಲ್ಲ, ಮಡಚಿದ ಜಮಖಾನ ಹಾಕಿ ಕುರ್ಚಿ ಎತ್ತರ ಮಾಡಿಕೊಂಡೆ, ವಾರ ಕಳೆದಂತೆ ಒಂದೊಂದು ಮಡಿಕೆ ಕಡಿಮೆ ಮಾಡಿದೆ. ಒಂದೊಂದೂ 10 ಸಲ.

ನೋವಾಗುತ್ತದೆ, ಸುಳ್ಳು ಹೇಳಲ್ಲ. ಡೆನ್ಮಾರ್ಕ್‌ನಲ್ಲಿ 2013ರಿಂದ ಮಂಡಿ, ಸೊಂಟದ ಸವೆತ ಇರುವವರಿಗಾಗಿಯೇ ಗ್ಲಾಡ್ ಎಂಬ ವ್ಯಾಯಾಮ ಕಾರ್ಯಕ್ರಮ ನಡೆಯುತ್ತಿದೆ. ಅಲ್ಲಿನ ಲೆಕ್ಕವನ್ನೇ ನನಗೂ ಹೇಳಿದರು: ಹತ್ತಕ್ಕೆ 5ರವರೆಗಿನ ನೋವು ಇದ್ದರೆ ಪರವಾಗಿಲ್ಲ, ಆದರೆ 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಮಾರನೇ ದಿನ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ನನಗೆ ವ್ಯತ್ಯಾಸ ಗೊತ್ತಾಗಿದ್ದು ಆರನೇ ವಾರದ ಹೊತ್ತಿಗೆ. ಎಕ್ಸ್‌ರೇ ಇವತ್ತಿಗೂ ಹಾಗೇ ಇದೆ ಅಂದುಕೊಳ್ಳಿ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದರೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ನಡೆದುಕೊಂಡೇ ವಾಪಸ್ ಬರುತ್ತೇನೆ.

ಮಂಡಿ ಊದಿ ಬಿಸಿಯಾಗಿದ್ದರೆ, ಮಧ್ಯದಲ್ಲೇ ಸಿಕ್ಕಿಹಾಕಿಕೊಂಡರೆ, ಅಥವಾ ಬೆಳಿಗ್ಗೆ ಬೆರಳು, ಮಣಿಕಟ್ಟು ಕೂಡ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಬಿಗಿಯಾಗಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ಮೊದಲು ಡಾಕ್ಟರಿಗೆ ತೋರಿಸಿ.

ಇಲ್ಲದಿದ್ದರೆ ನಾಳೆಯೇ ಶುರು ಮಾಡಿಸಿ. ಕುರ್ಚಿ ಜಾರದ ಹಾಗೆ ಗೋಡೆಗೆ ತಾಗಿಸಿಡಿ, ಮೊದಲ ಕೆಲವು ದಿನ ನೀವೂ ಪಕ್ಕದಲ್ಲೇ ನಿಂತಿರಿ.