ಸಸ್ಯಮೂಲದ ಮಾರ್ಜಕವೆಲ್ಲ ಕೆರೆಗೆ ನಿರಪಾಯವೇ?

ಪ್ರಶ್ನೆ: ಪಾತ್ರೆ ತೊಳೆಯುವ ದ್ರವದ ಬಾಟಲಿಯ ಮೇಲೆ ‘ತೆಂಗಿನೆಣ್ಣೆಯಿಂದ ತಯಾರಿಸಿದ್ದು, ಜೈವಿಕವಾಗಿ ವಿಘಟನೆಯಾಗುತ್ತದೆ’ ಎಂದು ಬರೆದಿರುತ್ತದೆ. ಎಣ್ಣೆಯಿಂದಲೇ ಜಿಡ್ಡು ತೆಗೆಯುವ ವಸ್ತು ಹೇಗಾಗುತ್ತದೆ? ಅಂಟುವಾಳವನ್ನೇ ಬಳಸಿದರೆ ಕೆರೆಗೆ ಒಳ್ಳೆಯದಲ್ಲವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಜಿಡ್ಡು ನೀರಿನೊಡನೆ ಹೋಗಬೇಕಾದರೆ ಒಂದು ತುದಿ ಎಣ್ಣೆಗೂ ಇನ್ನೊಂದು ತುದಿ ನೀರಿಗೂ ಒಗ್ಗುವ ಅಣು ಬೇಕು, ಅದೇ ಸರ್ಫ್ಯಾಕ್ಟೆಂಟ್. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುವ ಲಾರಿಕ್ ಆಮ್ಲದ, 12 ಇಂಗಾಲಗಳ ನೇರ ಸರಪಳಿಯು ಎಣ್ಣೆಗೆ ಒಗ್ಗುವ ಬಾಲಕ್ಕೆ ಹೇಳಿಮಾಡಿಸಿದಂತಿದೆ. ಕಾರ್ಖಾನೆಯಲ್ಲಿ ಎಣ್ಣೆಯನ್ನು ಮೀಥೈಲ್ ಎಸ್ಟರ್ ಎಂಬ ಸಂಯುಕ್ತವಾಗಿಸಿ, ಅಧಿಕ ಒತ್ತಡದಲ್ಲಿ ಜಲಜನಕ ಹಾಯಿಸಿ, ಅದೇ ಉದ್ದ ಬಾಲವುಳ್ಳ ಫ್ಯಾಟಿ ಆಲ್ಕೊಹಾಲ್ ಪಡೆಯುತ್ತಾರೆ. ಮೆಕ್ಕೆಜೋಳದ ಪಿಷ್ಟದಿಂದ ಬಂದ ಗ್ಲೂಕೋಸನ್ನು ಇದರೊಡನೆ ಬೆರೆಸಿ, ತುಸು ಆಮ್ಲ ಸೇರಿಸಿ, 100 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿದಾಗ ನೀರಿಗೆ ಒಗ್ಗುವ ಸಕ್ಕರೆಯೂ ಎಣ್ಣೆಗೆ ಒಗ್ಗುವ ಬಾಲವೂ ಬೆಸೆದುಕೊಂಡು ಆಲ್ಕೈಲ್ ಪಾಲಿಗ್ಲುಕೋಸೈಡ್ ಆಗುತ್ತದೆ. ಈ ಕ್ರಿಯೆಯಲ್ಲಿ ಹುಟ್ಟುವ ನೀರು ಅಲ್ಲೇ ಉಳಿದರೆ ಬೆಸುಗೆ ಮತ್ತೆ ಬಿಡುವುದರಿಂದ, ನಿರ್ವಾತದಲ್ಲಿ ಅದನ್ನು ಸತತವಾಗಿ ಸೆಳೆದು ತೆಗೆಯಬೇಕು. ಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಬಾಟಲಿಯ ಮೇಲೆ ಇದು ‘ಕೊಕೊ ಗ್ಲುಕೋಸೈಡ್’, ‘ಡಿಸೈಲ್ ಗ್ಲುಕೋಸೈಡ್’ ಮುಂತಾದ ಹೆಸರಿನಲ್ಲಿರುತ್ತದೆ.

ಆದರೆ ಗಿಡದಿಂದ ಬಂದದ್ದು ಎಂಬುದೂ ವಿಘಟನೆಯಾಗುತ್ತದೆ ಎಂಬುದೂ ಬೇರೆ ಬೇರೆ ಮಾತುಗಳು. 1950ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದ ನದಿಗಳಲ್ಲಿ ನೊರೆ ಎದ್ದದ್ದು ಆಗಿನ ಮಾರ್ಜಕದ ಬಾಲ ಕವಲುಕವಲಾಗಿದ್ದು, ಬ್ಯಾಕ್ಟೀರಿಯಗಳಿಗೆ ಅದನ್ನು ಒಡೆಯುವುದು ಕಷ್ಟವಾಗಿದ್ದರಿಂದ. 1960ರ ದಶಕದಲ್ಲಿ ಅದರ ಜಾಗಕ್ಕೆ ನೇರ ಬಾಲದ ಮಾರ್ಜಕ ಬಂದಿತು, ನೊರೆ ಇಳಿಯಿತು. ಆದರೆ ಆ ಹೊಸದೂ ಪೆಟ್ರೋಲಿಯಂ ಮೂಲದ್ದೇ ಆಗಿತ್ತು. ಹೀಗಾಗಿ ಮೂಲಕ್ಕಿಂತ ಅಣುವಿನ ರಚನೆ ಮುಖ್ಯ. ಆಮ್ಲಜನಕ ಬಳಕೆಯನ್ನು ಅಳೆಯುವ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಪರೀಕ್ಷೆಗಳಲ್ಲಿ 28 ದಿನಗಳೊಳಗೆ ಶೇ 60ರಷ್ಟು ವಿಘಟನೆಯ ಮಟ್ಟ ತಲುಪಬೇಕು. ಗ್ಲುಕೋಸೈಡ್‌ಗಳು ಇದನ್ನು ಸುಲಭವಾಗಿ ದಾಟುತ್ತವೆ. ಯಾವ ಪರೀಕ್ಷೆ ಎಂದು ಹೇಳದ ‘ಪರಿಸರಸ್ನೇಹಿ’ ಎಂಬ ಪದವನ್ನು ನಾನು ನಂಬುವುದಿಲ್ಲ. ಪರೀಕ್ಷೆಯಲ್ಲಿ ಗೆದ್ದ ಮಾರ್ಜಕಕ್ಕೂ ಆಮ್ಲಜನಕ ಮತ್ತು ಸಮಯ ಬೇಕು. ಬೆಳ್ಳಂದೂರು ಕೆರೆಯಂತೆ ಸಂಸ್ಕರಿಸದ ಕೊಳಚೆ ತುಂಬಿ ಆಮ್ಲಜನಕ ಬತ್ತಿದ ಕಡೆ, ನೇರ ಬಾಲದ ಪೆಟ್ರೋಲಿಯಂ ಮಾರ್ಜಕ ಕೂಡ ಒಡೆಯದೆ ಉಳಿಯುತ್ತದೆ.

ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ಸಹಜ ಸರ್ಫ್ಯಾಕ್ಟೆಂಟ್. ಬೀಜ ತೆಗೆದು ಸಿಪ್ಪೆ ಕುದಿಸಿದ ನೀರು ಪಾತ್ರೆಗೂ ರೇಷ್ಮೆ ಬಟ್ಟೆಗೂ ಒಳ್ಳೆಯದು. ಆದರೆ ಕೆಲವೇ ದಿನಗಳಲ್ಲಿ ಹುಳಿತು ನಾರುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಿ. ಸಪೋನಿನ್ ಮೀನಿನ ಕಿವಿರುಗಳಿಗೆ ವಿಷವಾದ್ದರಿಂದ, ತೊಳೆದ ನೀರನ್ನು ನೇರವಾಗಿ ಕೆರೆಗೆ ಬಿಡದೆ ಇಂಗುಗುಂಡಿಗೆ ಹರಿಸಿ.